ಸಾಲದ ಕಲೆ ಎಂದಿಗೆ ಅಳಿದೀತು?

ಜತ್ತ, ಅಕ್ಕಲಕೋಟೆ ಕಡೆಯ ನಮ್ಮ ರೈತ ಬಾಂಧವರು ಮುಂಗಾರಿಗೆ ಮುಂಚೆ ಬ್ಯಾಂಕಿಗೆ ಹೋದರೆ ಕೇಳಬೇಕಾದ ಮಾತೊಂದು 'ಸಿಬಿಲ್'. ಹೊಲದ ಉತಾರೆ ನೆಟ್ಟಗಿದ್ದರೂ, ಬಾವಿಯಲ್ಲಿ ನೀರಿದ್ದರೂ, ಸಿಬಿಲ್ ಸರಿಯಿಲ್ಲವೆಂದು ಅರ್ಜಿ ಹಿಂದಕ್ಕೆ ಬಂದರೆ ಬೀಜ-ಗೊಬ್ಬರಕ್ಕೆ ಸಾವಕಾರನ ಬಾಗಿಲೇ ಗತಿ. ಆದುದರಿಂದ ಈ ವಿಷಯವನ್ನು ತುಸು ಬಿಡಿಸಿ ಹೇಳುತ್ತೇವೆ.

ಸಾಲಗಾರರ ನಡವಳಿಕೆಯ ಲೆಕ್ಕವಿಡಲು 2005ರ ಕಾಯಿದೆಯ ಮೇರೆಗೆ ದೇಶದಲ್ಲಿ ನಾಲ್ಕು ಸಂಸ್ಥೆಗಳಿವೆ. ಸಿಬಿಲ್ ಅವುಗಳಲ್ಲೊಂದು. ಬ್ಯಾಂಕು ತಿಳಿಸಿದ್ದನ್ನು ಬರೆದಿಡುವುದಷ್ಟೇ ಅವುಗಳ ಕೆಲಸ. ಸಾಲ ಕೊಡುವುದು ಬಿಡುವುದು ಬ್ಯಾಂಕಿಗೆ ಸೇರಿದ್ದು. 300ರಿಂದ 900ರ ವರೆಗೆ ಗುಣ ಹಾಕುತ್ತಾರೆ. ನಮ್ಮ ಶಾಲೆಯ ಗುಣಪಟ್ಟಿಯಂತೆಯೇ ಸರಿ, ಆದರೆ ಇಲ್ಲಿ ಹಿಂದಿನ ವರ್ಷಗಳ ನಪಾಸೂ ಕಾಣುತ್ತದೆ.

ಎಷ್ಟು ವರ್ಷ ಕಾಣುತ್ತದೆ? ವರದಿಯಲ್ಲಿ ತಿಂಗಳುವಾರು ಕೋಷ್ಟಕವೊಂದಿದೆ. ಅದು 36 ತಿಂಗಳಿನದು. ಬಾಕಿ ತೀರಿಸಿ ಮುಂದೆ ಕಂತು ತಪ್ಪಿಸದವನ ತಡದ ಗುರುತು ಮೂರು ವರ್ಷಕ್ಕೆ ಆ ಕೋಷ್ಟಕದಿಂದ ಜಾರಿ ಹೋಗುತ್ತದೆ. ಆದರೆ ಖಾತೆಯ ಮಾಹಿತಿಯನ್ನು ಕನಿಷ್ಠ 7 ವರ್ಷ ಇಡಲೇಬೇಕೆಂದು ನಿಯಮ. ಇದನ್ನೇ ಹಿಡಿದು 'ಏಳು ವರ್ಷಕ್ಕೆ ಸಾಲ ಸತ್ತಿತು' ಎಂದು ಸಂತೆಯಲ್ಲಿ ಹೇಳುವವರಿದ್ದಾರೆ. ಅದು ಶುದ್ಧ ಸುಳ್ಳು. ಏಳು ವರ್ಷವೆಂಬುದು ಕಡಿಮೆ ಪಕ್ಷದ ಗಡುವು. ತೀರದ ಸಾಲವನ್ನು ಬ್ಯಾಂಕು ಮತ್ತೆ ಮತ್ತೆ ವರದಿ ಮಾಡುತ್ತಿದ್ದರೆ ಕಲೆ ಹೊಸದಾಗುತ್ತಲೇ ಇರುತ್ತದೆ.

'ರೈಟ್ ಆಫ್' ಎಂದು ಬರೆದಿದ್ದರೆ ಸಾಲ ಮಾಫಿಯಾಯಿತೆಂದು ಹಿಗ್ಗಬೇಡಿರಿ. ಬ್ಯಾಂಕು ತನ್ನ ಲೆಕ್ಕದಿಂದ ತೆಗೆದಿದೆ, ನಿಮ್ಮ ತಲೆಯಿಂದಲ್ಲ. ಕಡಿಮೆ ಹಣಕ್ಕೆ ರಾಜಿಯಾದರೆ 'ಸೆಟಲ್ಡ್' ಎಂದು ಬೀಳುತ್ತದೆ. ಇದೂ ಬ್ಯಾಂಕುಗಳಿಗೆ ಹಿಡಿಸದ ಮಾತು. ಸಾಧ್ಯವಾದರೆ ಉಳಿದದ್ದನ್ನೂ ಕಟ್ಟಿ, ಬಾಕಿಯಿಲ್ಲವೆಂಬ ಪತ್ರ ಪಡೆದು, 'ಕ್ಲೋಸ್ಡ್' ಎಂದು ಬರೆಸತಕ್ಕದ್ದು. ದುಡ್ಡು ಕೊಟ್ಟರೆ ನಿಜವಾದ ಕಲೆಯನ್ನೂ ಅಳಿಸಿಕೊಡುವೆನೆಂಬ ಏಜೆಂಟರನ್ನು ಅಂಗಳಕ್ಕೂ ಸೇರಿಸಬಾರದು.

ಜೋಳ, ಕಡಲೆಯಂಥ ಅಲ್ಪಾವಧಿ ಬೆಳೆಯ ಸಾಲ ಎರಡು ಹಂಗಾಮು ಬಾಕಿ ನಿಂತರೆ ಕೆಟ್ಟ ಸಾಲವಾಗುತ್ತದೆ. ಸರಕಾರ ಬರ ಸಾರಿದ ವರ್ಷ ಗಡುವು ಮುಂದೂಡಿಸಿಕೊಳ್ಳಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವುಂಟು. ಮನೆಯಲ್ಲಿ ಕೂಡದೆ ಮೊದಲೇ ಅರ್ಜಿ ಕೊಡಿರಿ.

ಗಡಿಯವರಾದ ನಮಗೆ ಇನ್ನೊಂದು ಪೀಡೆ ಹೆಸರಿನದು. ಮನೆಯಲ್ಲಿ ಬಸಪ್ಪ, ಮರಾಠಿ ಕಾಗದದಲ್ಲಿ ಬಸಾಪ್ಪಾ, ಇಂಗ್ಲಿಷಿನಲ್ಲಿ ಬಸವಪ್ಪ! ಹೀಗೆ ಒಬ್ಬನ ಸಾಲ ಇನ್ನೊಬ್ಬನ ವರದಿಯಲ್ಲಿ ಕೂತೀತು. 2017ರಿಂದ ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು, ತರಿಸಿ ನೋಡಿರಿ. ತಪ್ಪಿದ್ದರೆ ದೂರು ಕೊಡಿರಿ. 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕೆಂದು 2024ರ ಏಪ್ರಿಲಿನಿಂದ ಜಾರಿಯಾಗಿದೆ. ಅಲ್ಲಿಯೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ.

ಜಾಮೀನು ನಿಂತವರೂ ತಮ್ಮ ವರದಿ ತರಿಸತಕ್ಕದ್ದು. ಆ ಸಾಲ ಅವರ ಹೆಸರಿನಲ್ಲೂ ಕಾಣಿಸುತ್ತದೆ.