1623: ಸುಟ್ಟುಹೋದ ಕ್ಯಾಲ್ಕುಲೇಟರ್

ಪುಣೆ, ಹೈದರಾಬಾದ್‌ನಲ್ಲಿ ಕೂತು ದಿನವಿಡೀ ಕೋಡ್ ಬರೆಯೋ ನಮ್ಮವರಿಗೆ ಇವತ್ತು 1623ನೇ ಇಸವಿಯ ಕಥೆ ಹೇಳ್ತೀನಿ.

ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ವಿಲ್‌ಹೆಲ್ಮ್ ಶಿಕಾರ್ಡ್ ಅಂತ ಒಬ್ಬ ಪ್ರೊಫೆಸರ್. ಪಾಠ ಮಾಡ್ತಿದ್ದದ್ದು ಹೀಬ್ರೂ! ಆ ಸೆಪ್ಟೆಂಬರ್‌ನಲ್ಲಿ ಖಗೋಳಶಾಸ್ತ್ರಜ್ಞ ಕೆಪ್ಲರ್‌ಗೆ ಪತ್ರ ಬರೆದರು: ಲೆಕ್ಕ ಮಾಡೋ ಯಂತ್ರ ಕಟ್ಟಿದ್ದೇನೆ ಅಂತ. ಒಂದು ಚಕ್ರ ಪೂರ್ತಿ ಸುತ್ತು ಮುಗಿಸಿದರೆ ಪಕ್ಕದ ಚಕ್ರ ಒಂದು ಅಂಕಿ ಮುಂದೆ ಹೋಗುತ್ತೆ. ಶಾಲೆಯಲ್ಲಿ 'ದಶಕ ಒಂದು' ಅಂತ ಮೇಲೆ ಬರೆದುಕೊಳ್ತಿದ್ದೆವಲ್ಲ, ಅದೇ ಕೆಲಸ.

ಕೆಪ್ಲರ್‌ಗೂ ಒಂದು ಮಾಡಿಸುತ್ತಿದ್ದರು. ಅರ್ಧ ಆಗಿತ್ತು, 1624ರಲ್ಲಿ ಬೆಂಕಿಗೆ ಹೋಯ್ತು. ನನಗೆ ಹೊಟ್ಟೆ ಉರಿಯೋದು ಇಲ್ಲೇ. 1635ರಲ್ಲಿ ಪ್ಲೇಗ್‌ಗೆ ಶಿಕಾರ್ಡ್ ಕೂಡ ತೀರಿಕೊಂಡರು. ಉಳಿದದ್ದು ಪತ್ರಗಳು, ಕೈಚಿತ್ರಗಳು. ಅವನ್ನು ನೋಡಿಕೊಂಡೇ 1960ರಲ್ಲಿ ಯಂತ್ರ ಮತ್ತೆ ಕಟ್ಟಿದರು. ಓಡ್ತು!

ಅಷ್ಟರತನಕ ಮೊದಲಿಗ ಅನ್ನೋ ಹೆಸರು ಪಾಸ್ಕಲ್‌ದು. ಫ್ರಾನ್ಸ್‌ನ ಕ್ಲೆರ್ಮಾಂಟ್‌ನಲ್ಲಿ ಅವರು ಹುಟ್ಟಿದ್ದು ಯಾವಾಗ ಗೊತ್ತಾ? ಅದೇ 1623, ಜೂನ್ 19. ತೆರಿಗೆ ಲೆಕ್ಕದಲ್ಲಿ ಮುಳುಗಿದ್ದ ಅಪ್ಪನಿಗೋಸ್ಕರ 1642ರಲ್ಲಿ ತಮ್ಮ ಯಂತ್ರ ಶುರು ಮಾಡಿದರು. ಶಿಕಾರ್ಡ್ ವಿಷಯ ತಿಳಿಯದೆ.

ಲಂಡನ್‌ನಲ್ಲಿ ಆ ವರ್ಷ ಶೇಕ್ಸ್‌ಪಿಯರ್‌ನ 36 ನಾಟಕಗಳು ಒಂದೇ ಪುಸ್ತಕವಾಗಿ ಬಂದವು. ಅವರು ಸತ್ತು 7 ವರ್ಷ ಆಗಿತ್ತು. 'ಮ್ಯಾಕ್‌ಬೆತ್' ಸೇರಿ 18 ನಾಟಕ ಅದಕ್ಕೂ ಮುಂಚೆ ಅಚ್ಚೇ ಆಗಿರಲಿಲ್ಲ.

ಹಾಂ, ಆಕಾಶ ಮರೆತೆ. ಆ ಜುಲೈನಲ್ಲಿ ಗುರು, ಶನಿ ತೀರಾ ಹತ್ತಿರ ಬಂದಿದ್ದವು. ಮತ್ತೆ ಅಷ್ಟು ಹತ್ತಿರ ಬಂದದ್ದು 2020ರ ಡಿಸೆಂಬರ್ 21ಕ್ಕೆ. ವರ್ಕ್ ಫ್ರಮ್ ಹೋಮ್ ಕಾಲ, ಟೆರೇಸ್ ಹತ್ತಿ ನೋಡಿದವರು ನಿಮ್ಮಲ್ಲೂ ಇದ್ದೀರಿ.