ಒಬ್ಬರ ದೋಣಿ, ಹಲವರ ಹೊಳೆ

ಜೂನ್‌ನಲ್ಲಿ ಮಳೆ ಹಿಡಿದುಕೊಂಡಿತೆಂದರೆ ಮಲೆನಾಡಿನ ಮನೆಗಳಲ್ಲಿ ಮಕ್ಕಳಿಗೆ ಬೀಳುವ ಮೊದಲ ಕಟ್ಟಪ್ಪಣೆ, ಹೊಳೆಯ ಕಡೆ ಹೋಗಬಾರದು ಎಂಬುದು. ಬೇಸಿಗೆಯಲ್ಲಿ ಪಾದ ಮುಳುಗುವಷ್ಟೇ ಹರಿಯುತ್ತಿದ್ದ ಹಳ್ಳ ಒಂದು ರಾತ್ರಿ ಕಳೆಯುವುದರೊಳಗೆ ಕೆಂಪಗೆ ಉಕ್ಕಿ, ಕಾಲುಸಂಕವನ್ನೇ ಹೊತ್ತೊಯ್ದದ್ದನ್ನು ಕಣ್ಣಾರೆ ಕಂಡವರ ಮಾತು ಅದು. ಸರಿಯಾಗಿ ಅದೇ ಹೊತ್ತಿಗೆ ಬೆಂಗಳೂರಿನಿಂದ ನಾಲ್ಕೈದು ಗೆಳೆಯರ ಗುಂಪುಗಳು ಕಾರಿನ ನೆತ್ತಿಯ ಮೇಲೆ ಬಣ್ಣಬಣ್ಣದ ಪ್ಲಾಸ್ಟಿಕ್ ದೋಣಿಗಳನ್ನು ಕಟ್ಟಿಕೊಂಡು ಘಟ್ಟದ ಕಡೆ ಹೊರಡುತ್ತವೆ. ಊರವರು ದೂರ ಇಡುವ ನೀರೇ ಇವರಿಗೆ ಬೇಕು. ಇದು ಹುಚ್ಚೋ, ವಿದ್ಯೆಯೋ ಎಂದು ದಡದಲ್ಲಿ ಕೊಡೆ ಹಿಡಿದು ನಿಂತವರು ಕೇಳಿದರೆ ತಪ್ಪೇನಿಲ್ಲ. ಎರಡೂ ಹೌದು ಎನ್ನಬೇಕಾಗುತ್ತದೆ. ಆದರೆ ವಿದ್ಯೆಯ ಪಾಲು ದಡದಿಂದ ಕಾಣುವುದಕ್ಕಿಂತ ಹೆಚ್ಚು.

ಇದಕ್ಕೆ ಬಿಳಿನೀರಿನ ಕಯಾಕಿಂಗ್ ಎಂದು ಹೆಸರು. ದಾಂಡೇಲಿಯಲ್ಲೋ ಕೊಡಗಿನಲ್ಲೋ ಪ್ರವಾಸಿಗರು ಆಡುವ ರ್‍ಯಾಫ್ಟಿಂಗ್ ಬೇರೆ. ಅದರಲ್ಲಿ ಗಾಳಿ ತುಂಬಿದ ರಬ್ಬರ್ ತೆಪ್ಪದ ಮೇಲೆ ಆರೆಂಟು ಜನ ಕೂರುತ್ತಾರೆ. ಹಿಂದೆ ಕುಳಿತ ಮಾರ್ಗದರ್ಶಿ ಹೇಳಿದಂತೆ ಹುಟ್ಟು ಹಾಕಿದರೆ ಸಾಕು. ಕಯಾಕ್‌ನಲ್ಲಿ ಒಬ್ಬರಿಗೇ ಜಾಗ. ಕಾಲುಗಳನ್ನು ಒಳಗೆ ಚಾಚಿ, ಮೊಣಕಾಲನ್ನು ದೋಣಿಯ ಮೈಗೆ ಒತ್ತಿ, ಸೊಂಟದ ಸುತ್ತ ರಬ್ಬರಿನ ಹೊದಿಕೆಯಿಂದ ಬಾಯಿ ಮುಚ್ಚಿಕೊಂಡು ಕೂರಬೇಕು. ದೋಣಿಯಲ್ಲಿ ಕೂತದ್ದು ಎನ್ನುವುದಕ್ಕಿಂತ ದೋಣಿಯನ್ನು ಉಟ್ಟುಕೊಂಡದ್ದು ಎಂದರೆ ಸರಿಯಾದೀತು. ಅದು ಮಗುಚಿದರೆ ಕೂತವರೂ ತಲೆಕೆಳಗು.

ಇಷ್ಟೊಂದು ಒಂಟಿಯಾದ ದೋಣಿಗೆ ಒಂದು ಅಲಿಖಿತ ಕಾನೂನಿದೆ: ಮೂವರಿಗಿಂತ ಕಡಿಮೆ ಇದ್ದರೆ ಹೊಳೆಗಿಳಿಯಬೇಡಿ. ಒಬ್ಬರು ಅಪಾಯಕ್ಕೆ ಸಿಕ್ಕರೆ ಇನ್ನೊಬ್ಬರು ಪಕ್ಕದಲ್ಲಿರಬೇಕು, ಮೂರನೆಯವರು ಸಹಾಯಕ್ಕೆ ಓಡಬೇಕು ಎಂಬುದು ಲೆಕ್ಕ. ಈ ಲೆಕ್ಕದ ಹಿಂದೆ ದೊಡ್ಡ ಇತಿಹಾಸವೇ ಇದೆ.

ಸೀಲ್ ಚರ್ಮದಿಂದ ಪ್ಲಾಸ್ಟಿಕ್‌ವರೆಗೆ

ಕಯಾಕ್ ಹುಟ್ಟಿದ್ದು ಆಟಕ್ಕಲ್ಲ, ಹೊಟ್ಟೆಪಾಡಿಗೆ. ಉತ್ತರ ಧ್ರುವದ ಅಂಚಿನ ಗ್ರೀನ್‌ಲ್ಯಾಂಡ್, ಕೆನಡಾ, ಅಲಾಸ್ಕಾಗಳ ಇನ್ಯೂಟ್ ಮತ್ತು ಅವರ ನೆಂಟರಾದ ಜನ ಸಮುದ್ರದಲ್ಲಿ ತೇಲಿಬಂದ ಮರ, ತಿಮಿಂಗಿಲದ ಮೂಳೆಗಳಿಂದ ಹಂದರ ಕಟ್ಟಿ, ಮೇಲೆ ಸೀಲ್ ಚರ್ಮ ಹೊಲಿದು ಬೇಟೆಗೆ ಬಳಸಿದರು. ಹಂದರಕ್ಕೆ ಚರ್ಮ ಹೊದಿಸುವ ಈ ಉಪಾಯ ನಮಗೇನೂ ಹೊಸದಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯನ್ನು ಜನ ಬುಟ್ಟಿಯಂಥ ಗುಂಡನೆಯ, ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ದಾಟುವುದನ್ನು ಬರೆದಿಟ್ಟಿದ್ದಾನೆ. ನಮ್ಮ ಹರಿಗೋಲೇ ಅದು. ಆದರೆ ಹರಿಗೋಲು ಜನ, ಎತ್ತು, ಮೂಟೆಗಳನ್ನು ಆಚೆ ದಡಕ್ಕೆ ಮುಟ್ಟಿಸುವ ಸಾವಧಾನದ ವಾಹನ. ಕಯಾಕ್ ಈಟಿಯಂತೆ ಚೂಪು.

ಹಿಮದ ನೀರಿನಲ್ಲಿ ಮಗುಚಿದ ಬೇಟೆಗಾರ ಹೊರಗೆ ಬಂದರೆ ಚಳಿಗೇ ಸಾಯುತ್ತಾನೆ. ಆದ್ದರಿಂದ ದೋಣಿಯಲ್ಲಿ ಕೂತಂತೆಯೇ ಹುಟ್ಟನ್ನು ಬೀಸಿ, ಸೊಂಟವನ್ನು ತಟ್ಟನೆ ಹೊರಳಿಸಿ ಮತ್ತೆ ನೆಟ್ಟಗಾಗುವ ವಿದ್ಯೆಯನ್ನು ಅವರು ಬೆಳೆಸಿದರು. ಹುಟ್ಟು ಕೈಜಾರಿದರೆ ಒಂದು ಬಗೆ, ಹಗ್ಗ ಸುತ್ತಿಕೊಂಡಿದ್ದರೆ ಇನ್ನೊಂದು ಬಗೆ ಎಂದು ಹತ್ತಾರು ತರಹ. ಇಂದು ಬೆಂಗಳೂರಿನ ಹುಡುಗ ಹುಡುಗಿಯರು ಈಜುಕೊಳದಲ್ಲಿ ಮೂಗಿಗೆ ಕ್ಲಿಪ್ ಹಾಕಿಕೊಂಡು ಮೊದಲು ಕಲಿಯುವ ‘ರೋಲ್’ ಇದೇ.

ಯುರೋಪಿನವರಿಗೆ ಈ ದೋಣಿ ಆಟಿಕೆಯಾದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಮ್ಯೂನಿಕ್‌ನ ಆಲ್ಫ್ರೆಡ್ ಹೂರಿಶ್ ಎಂಬ ವಿದ್ಯಾರ್ಥಿ 1905ರಲ್ಲಿ ಮಡಚುವ ಕಯಾಕ್ ಮಾಡಿದ. ಯೋಹಾನ್ ಕ್ಲೆಪ್ಪರ್ ಎಂಬ ದರ್ಜಿ ಅದರ ಹಕ್ಕು ಕೊಂಡು ಮಾರಾಟಕ್ಕಿಳಿದ. ರೈಲಿನಲ್ಲಿ ಚೀಲದೊಳಗೆ ಹಾಕಿ ಒಯ್ಯಬಹುದಾದ ದೋಣಿ ಎಂದರೆ ಸಾಕಲ್ಲ, ಬೆಟ್ಟದ ನದಿಗಳೆಲ್ಲ ಹತ್ತಿರವಾದವು. ರೋಲ್ ವಿದ್ಯೆ ಮಾತ್ರ ಬೇಗ ದಕ್ಕಲಿಲ್ಲ. ಆಸ್ಟ್ರಿಯದ ಹನ್ಸ್ ಪಾವ್ಲಾಟ, ಗ್ರೀನ್‌ಲ್ಯಾಂಡಿಗೆ ಹೋಗಿಬಂದವರ ಬರಹಗಳನ್ನೇ ಓದಿ ಓದಿ, 1927ರಲ್ಲಿ ಅದನ್ನು ಸಾಧಿಸಿದರು. ಬ್ರಿಟನ್ನಿನ ಗಿನೊ ವಾಟ್ಕಿನ್ಸ್ ಗ್ರೀನ್‌ಲ್ಯಾಂಡಿನಲ್ಲೇ ಇದ್ದು, ಅಲ್ಲಿನ ಬೇಟೆಗಾರರಿಂದಲೇ ಕಲಿತರು. ಅವರ ಕೈಚಳಕಕ್ಕೆ ಇನ್ಯೂಟರೂ ತಲೆದೂಗುತ್ತಿದ್ದರಂತೆ. 1932ರ ಆಗಸ್ಟ್‌ನಲ್ಲಿ ಒಬ್ಬರೇ ಸೀಲ್ ಬೇಟೆಗೆ ಹೋದರು. ನಂತರ ಸಿಕ್ಕಿದ್ದು ತೇಲುತ್ತಿದ್ದ ಖಾಲಿ ಕಯಾಕ್. ಅವರಿಗೆ ಆಗ ಇಪ್ಪತ್ತೈದು ವಯಸ್ಸು.

ಆಮೇಲಿನದು ವೇಗದ ಕಥೆ. ಕ್ಯಾನ್ವಾಸ್ ಹೋಗಿ ಫೈಬರ್‌ಗ್ಲಾಸ್ ಬಂತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಬಿಳಿನೀರಿನ ಸ್ಪರ್ಧೆ ಮೊದಲ ಬಾರಿ ನಡೆದು, ಮತ್ತೆ ಇಪ್ಪತ್ತು ವರ್ಷ ನಿಂತು, 1992ರಲ್ಲಿ ಮರಳಿತು. ಎಪ್ಪತ್ತರ ದಶಕದಲ್ಲಿ ಬಂದ ಗಟ್ಟಿ ಪ್ಲಾಸ್ಟಿಕ್ ದೋಣಿಗಳು ಎಲ್ಲವನ್ನೂ ಬದಲಿಸಿದವು. ಬಂಡೆಗೆ ಬಡಿದರೂ ಒಡೆಯದ ದೋಣಿ ಸಿಕ್ಕಿದ ಮೇಲೆ, ಕಲ್ಲೇ ಹಾಸಿದಂತಿರುವ ಕಿರಿದಾದ ಕಡಿದು ಹೊಳೆಗಳಿಗೂ ಇಳಿಯುವ ಧೈರ್ಯ ಬಂತು. ಪಶ್ಚಿಮಘಟ್ಟದ ಹೊಳೆಗಳು ಅಂಥವೇ.

ಮಳೆಯಲ್ಲೇ ಏಕೆ?

ಹೃಷಿಕೇಶದ ಗಂಗೆಯಲ್ಲಿ ಜುಲೈ, ಆಗಸ್ಟ್‌ನಲ್ಲಿ ರ್‍ಯಾಫ್ಟಿಂಗ್ ಬಂದ್ ಮಾಡುತ್ತಾರೆ. ಕರಗಿದ ಹಿಮಕ್ಕೆ ಮುಂಗಾರಿನ ನೀರೂ ಸೇರಿ ನದಿ ಯಾರ ಕೈಗೂ ಸಿಗದಂತಾಗುವುದು ಕಾರಣ. ದಕ್ಷಿಣದಲ್ಲಿ ಲೆಕ್ಕ ತಿರುಗುಮುರುಗು. ಇಲ್ಲಿ ಹಿಮವಿಲ್ಲ, ಮಳೆಯಿದ್ದರೆ ಹೊಳೆ, ಇಲ್ಲದಿದ್ದರೆ ಬರಿ ಕಲ್ಲು.

ಘಟ್ಟದ ಎರಡು ಮಗ್ಗುಲುಗಳ ಸ್ವಭಾವವೂ ಬೇರೆ. ಮಹಾಬಲೇಶ್ವರದ ಎತ್ತರದಲ್ಲಿ ಹುಟ್ಟುವ ಕೃಷ್ಣೆ ಸಮುದ್ರ ಸೇರಲು ಪೂರ್ವಕ್ಕೆ 1,400 ಕಿ.ಮೀ. ನಡೆಯುತ್ತಾಳೆ. ಇತ್ತ ಸುಮಾರು 2,100 ಅಡಿ ಎತ್ತರದಲ್ಲಿರುವ ಆಗುಂಬೆಯಿಂದ ಅರಬ್ಬಿ ಸಮುದ್ರ ನೇರ ಅಳತೆಯಲ್ಲಿ 50 ಕಿ.ಮೀ. ಒಳಗೇ ಇದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಇಷ್ಟು ನೀರು ಇಷ್ಟು ಕಡಿದಾದ ದಾರಿಯಲ್ಲಿ ಇಳಿಯಬೇಕೆಂದರೆ ಹೊಳೆ ಓಡಲೇಬೇಕು. ಆಗುಂಬೆಯ ಮಗ್ಗುಲಿನ ಸೀತಾನದಿ, ದಕ್ಷಿಣ ಕೊಡಗಿನಲ್ಲಿ ಹುಟ್ಟಿ ಕೇರಳಕ್ಕೆ ಇಳಿಯುವ ಬಾರಪೊಳೆ ಮಳೆಗಾಲದಲ್ಲಿ ಸಾಹಸಿಗಳನ್ನು ಸೆಳೆಯುವುದು ಇದಕ್ಕೇ. ಕಾಳಿ ನದಿಯ ಕಥೆ ಬೇರೆ. ಗಣೇಶಗುಡಿಯ ಬಳಿ ಸೂಪಾ ಅಣೆಕಟ್ಟಿನ ಕೆಳಗೆ ನೀರು ಬರುವುದು ಮೋಡ ನೋಡಿಯಲ್ಲ, ವಿದ್ಯುತ್ತಿನ ಬೇಡಿಕೆ ನೋಡಿ.

ಮಳೆಗಾಲ ಎಂದರೆ ದಿನವೂ ನೀರಿಗಿಳಿಯುವುದೆಂದಲ್ಲ. ಚಿಕ್ಕ ಹೊಳೆಗಳು ಕೆಲವೇ ಗಂಟೆಗಳಲ್ಲಿ ಏರುತ್ತವೆ, ಕೆಲವೇ ಗಂಟೆಗಳಲ್ಲಿ ಇಳಿಯುತ್ತವೆ. ಬಲ್ಲವರು ಕಾಯುವುದು ಜೋರು ಮಳೆ ಬಿಟ್ಟು ನೀರು ಇಳಿಮುಖವಾಗುವ ಹೊತ್ತಿಗೆ. ಸೇತುವೆಯ ಕಂಬದ ಮೇಲಿನ ಗೆರೆ, ದಡದ ಒಂದು ಬಂಡೆಯ ನೆತ್ತಿ ಇವೇ ಅವರ ಅಳತೆಗೋಲು. ನೀರಿನ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಒಂದು ಘನ ಮೀಟರ್ ನೀರಿಗೆ ಒಂದು ಟನ್ ತೂಕ. ಸೊಂಟದವರೆಗಿನ ನೀರಲ್ಲಿ ಗಟ್ಟಿ ಆಳೂ ಏಕೆ ಕೊಚ್ಚಿಹೋಗುತ್ತಾನೆಂಬುದಕ್ಕೆ ಬೇರೆ ವಿವರಣೆ ಬೇಡ.

ಪ್ರಪಂಚದಾದ್ಯಂತ ಬಿಳಿನೀರನ್ನು ಒಂದರಿಂದ ಆರರವರೆಗೆ ದರ್ಜೆ ಮಾಡಿದ್ದಾರೆ. ಒಂದು ಎಂದರೆ ಸಣ್ಣ ಅಲೆ, ಆರು ಎಂದರೆ ಹೆಚ್ಚುಕಡಿಮೆ ಇಳಿಯಲಾಗದ್ದು. ಆದರೆ ಹೊಳೆಗೆ ಈ ಅಂಕಿ ಗೊತ್ತಿಲ್ಲ. ಬೆಳಿಗ್ಗೆ ಮೂರಾಗಿದ್ದದ್ದು ಒಂದು ಮಳೆ ಹೊಡೆದ ಮೇಲೆ ಐದಾಗಬಹುದು. ಕೆಲವೊಮ್ಮೆ ಬಂಡೆಗಳೆಲ್ಲ ಮುಳುಗಿ ಜಾಗ ಸುಲಭವಾದದ್ದೂ ಉಂಟು.

ನೀರು ಓದುವುದು

ಕಯಾಕಿಂಗ್ ಕಲಿಯುವುದೆಂದರೆ ಅರ್ಧಪಾಲು ನೀರನ್ನು ಓದುವುದು. ಮೇಲಿನಿಂದ ನೋಡಿದಾಗ ಎರಡು ಬಂಡೆಗಳ ನಡುವೆ ನುಣ್ಣಗೆ, ಕಪ್ಪಗೆ, ತುದಿ ಕೆಳಮುಖವಾಗಿ ಚೂಪಾಗುವ ನೀರಿನ ನಾಲಿಗೆ ಕಂಡರೆ ಅದು ದಾರಿ. ತುದಿ ಮೇಲ್ಮುಖವಾಗಿ ಸೀಳಿದಂತಿದ್ದರೆ ಅಲ್ಲಿ ಕಲ್ಲಿದೆ ಎಂದರ್ಥ. ಬಂಡೆಯ ಹಿಂಬದಿಯಲ್ಲಿ ನೀರು ಹಿಂದಕ್ಕೆ, ಅಂದರೆ ಹೊಳೆ ಹರಿಯುವುದಕ್ಕೆ ಎದುರಾಗಿ ಸುತ್ತುತ್ತದೆ. ಆಟಗಾರರಿಗೆ ಅದು ರಸ್ತೆಬದಿಯ ಜಗಲಿ ಇದ್ದಂತೆ. ಅಲ್ಲಿ ನುಗ್ಗಿ ದೋಣಿ ನಿಲ್ಲಿಸಿ ಉಸಿರು ಬಿಡಬಹುದು, ಮುಂದಿನದನ್ನು ನೋಡಬಹುದು, ಹಿಂದಿನವರಿಗೆ ಸನ್ನೆ ಮಾಡಬಹುದು. ಗುಂಪು ಹೊಳೆ ಇಳಿಯುವುದು ಹೀಗೆ ಜಗಲಿಯಿಂದ ಜಗಲಿಗೆ. ಅನುಭವಿಯೊಬ್ಬರು ಮುಂದೆ, ಇನ್ನೊಬ್ಬರು ಕೊನೆಯಲ್ಲಿ, ಹೊಸಬರು ನಡುವೆ. ಮೊರೆತದಲ್ಲಿ ಮಾತು ಕೇಳಿಸದು; ಹುಟ್ಟನ್ನು ನೆಟ್ಟಗೆ ಎತ್ತಿದರೆ ಬಾ ಎಂದು, ಅಡ್ಡ ಹಿಡಿದರೆ ನಿಲ್ಲು ಎಂದು. ಸೀಟಿ ಮೂರು ಸಲ ಊದಿದರೆ ಯಾರೋ ಅಪಾಯದಲ್ಲಿದ್ದಾರೆಂದು.

ತಿರುವಿನಾಚೆ ಕಾಣದಿದ್ದರೆ ಇಳಿದು ದಡದ ಮೇಲೆ ನಡೆದು ನೋಡಬೇಕು. ಕಷ್ಟದ ಜಾಗದಲ್ಲಿ ಒಬ್ಬರು ಇಳಿಯುವಾಗ ಉಳಿದವರು ಕೆಳಗೆ ಬಂಡೆಗಳ ಮೇಲೆ ಹಗ್ಗದ ಚೀಲ ಹಿಡಿದು ನಿಲ್ಲುತ್ತಾರೆ. ದೋಣಿ ಮಗುಚಿ ಗೆಳೆಯ ನೀರಿಗೆ ಬಿದ್ದರೆ ಚೀಲ ಎಸೆಯಬೇಕು. ಹಗ್ಗ ತಾನೇ ಬಿಚ್ಚಿಕೊಂಡು ಹೋಗುತ್ತದೆ. ಎಸೆಯಲು ಒಂದೇ ಅವಕಾಶ, ಎರಡನೆಯ ಸಲ ಸುತ್ತಿಕೊಳ್ಳುವಷ್ಟರಲ್ಲಿ ಅವನು ದಾಟಿಹೋಗಿರುತ್ತಾನೆ. ಸರಿಯಾಗಿಲ್ಲ ಅನಿಸಿದರೆ ದೋಣಿಯನ್ನು ಹೆಗಲ ಮೇಲಿಟ್ಟು, ಜಿಗಣೆ ಕಚ್ಚಿಸಿಕೊಂಡು, ಅಡಕೆ ತೋಟದೊಳಗಿಂದ ನಡೆದು ಹೋಗುವುದೂ ಆಟದ ಭಾಗವೇ. ಅದನ್ನು ಸೋಲೆಂದು ಯಾರೂ ಎಣಿಸುವುದಿಲ್ಲ. ಎಣಿಸುವ ಗುಂಪಿನ ಜೊತೆ ಹೋಗದಿರುವುದು ಕ್ಷೇಮ.

ಜೀವ ತೆಗೆಯುವುದು ಹೆಚ್ಚಾಗಿ ದೊಡ್ಡ ಅಲೆಯಲ್ಲ, ಮರ. ನೆರೆಗೆ ಬುಡಸಮೇತ ಬಿದ್ದ ಮರ, ಬಿದಿರು ಮೆಳೆ, ತಗ್ಗಿನ ಕಾಲುಸಂಕ ಇವುಗಳ ನಡುವೆ ನೀರು ಜರಡಿಯಲ್ಲಿ ಸೋಸಿದಂತೆ ಹರಿದುಹೋಗುತ್ತದೆ. ಮನುಷ್ಯ ಮಾತ್ರ ಸಿಕ್ಕಿಕೊಳ್ಳುತ್ತಾನೆ. ಅಮೆರಿಕದ ವೈದ್ಯ ವಾಲ್ಟ್ ಬ್ಲಾಕಡರ್ 1971ರಲ್ಲಿ, ತಮ್ಮ 49ನೆಯ ವಯಸ್ಸಿನಲ್ಲಿ, ಆಲ್ಸೆಕ್ ನದಿಯ ಟರ್ನ್‌ಬ್ಯಾಕ್ ಕಮರಿಯನ್ನು ಒಬ್ಬರೇ ಇಳಿದು ಹೆಸರಾಗಿದ್ದರು. 1978ರಲ್ಲಿ ಅವರು ಸತ್ತದ್ದು ತಮ್ಮದೇ ಇಡಾಹೊ ರಾಜ್ಯದ ಪೇಯೆಟ್ ನದಿಯಲ್ಲಿ, ನೀರಿಗಡ್ಡ ಬಿದ್ದಿದ್ದ ಒಂದು ಮರಕ್ಕೆ ಸಿಕ್ಕಿ.

ಎರಡನೆಯ ಶತ್ರು ಮನುಷ್ಯ ಕಟ್ಟಿದ್ದು. ಕರಾವಳಿ, ಮಲೆನಾಡಿನ ಹೊಳೆಗಳಲ್ಲಿ ಅಲ್ಲಲ್ಲಿ ಇರುವ ಕಿಂಡಿ ಅಣೆಕಟ್ಟು, ತಗ್ಗಿನ ಒಡ್ಡುಗಳು ಮೇಲಿನಿಂದ ಬರುವವರ ಕಣ್ಣಿಗೆ ಸಮತಲವಾದ ಗೆರೆಯಂತೆ ಕಾಣುತ್ತವೆ, ಅಷ್ಟೆ. ಒಡ್ಡಿನ ಉದ್ದಕ್ಕೂ ಒಂದೇ ಸಮನೆ ಧುಮುಕಿದ ನೀರು ತಳದಲ್ಲಿ ಹಿಂದಕ್ಕೆ ಹೊರಳುತ್ತಲೇ ಇರುತ್ತದೆ. ಅದರೊಳಗೆ ಬಿದ್ದ ತೆಂಗಿನಕಾಯಿ ಗಂಟೆಗಟ್ಟಲೆ ಅಲ್ಲೇ ತಿರುಗುತ್ತದೆ. ಮನುಷ್ಯನೂ ಹಾಗೆಯೇ. ನೊರೆಯಲ್ಲಿ ಗಾಳಿಯೇ ಹೆಚ್ಚಿರುವುದರಿಂದ ಜಾಕೆಟ್ ತೇಲಿಸುವುದಿಲ್ಲ, ಹುಟ್ಟಿಗೆ ಹಿಡಿತ ಸಿಗುವುದಿಲ್ಲ.

ಹಾಗಾದರೆ ಗೆಳೆಯರಿದ್ದರೆ ಸಾಕೇ? ಅದಕ್ಕೂ ಭರವಸೆಯಿಲ್ಲ. ಬ್ರಿಟನ್ನಿನ ವೈದ್ಯ ಮೈಕ್ ಜೋನ್ಸ್ 1976ರಲ್ಲಿ ಎವರೆಸ್ಟ್ ಬುಡದ ದೂಧ್‌ಕೋಸಿ ನದಿಯನ್ನು ಇಳಿದ ತಂಡದ ನಾಯಕ. ಎರಡು ವರ್ಷಗಳ ನಂತರ ಕಾರಕೋರಂನ ಬ್ರಾಲ್ಡು ನದಿಯಲ್ಲಿ ಸಂಗಾತಿಯೊಬ್ಬರನ್ನು ಉಳಿಸಲು ಹೋಗಿ ಮುಳುಗಿದರು. ಮುಂದೆ ಬಂದ ಪಾರುಗಾಣಿಕೆ ತರಬೇತಿಗಳಲ್ಲಿ ಮೊದಲು ಹೇಳಿಕೊಡುವುದು ಇದನ್ನೇ: ಮೊದಲು ಕೂಗು, ಆಮೇಲೆ ಹಗ್ಗ, ನೀರಿಗೆ ಹಾರುವುದು ಕಟ್ಟಕಡೆಗೆ.

ಕೇರಳ ಈ ಆಟವನ್ನು ಪ್ರವಾಸೋದ್ಯಮವಾಗಿಯೂ ಬೆಳೆಸಿದೆ. ಕಲ್ಲಿಕೋಟೆ ಜಿಲ್ಲೆಯ ಕೋಡಂಚೇರಿಯ ಸುತ್ತ ಚಾಲಿಪ್ಪುಳ, ಇರುವಂಜಿಪ್ಪುಳ ಹೊಳೆಗಳಲ್ಲಿ 2013ರಲ್ಲಿ ಮಲಬಾರ್ ನದಿ ಉತ್ಸವ ಶುರುವಾಯಿತು. ಮುಂಗಾರಿನ ನಡುವೆ ನಡೆಯುವ ಈ ಸ್ಪರ್ಧೆಗೆ ವಿದೇಶಗಳಿಂದಲೂ ಆಟಗಾರರು ಬರುತ್ತಾರೆ. ಗೆದ್ದವರಿಗೆ ‘ರ್‍ಯಾಪಿಡ್ ರಾಜ’, ‘ರ್‍ಯಾಪಿಡ್ ರಾಣಿ’ ಎಂಬ ಬಿರುದು. ಮಳೆಯಲ್ಲಿ ನೆನೆಯುತ್ತ ದಡದಲ್ಲಿ ನಿಂತ ಊರವರ ಶಿಳ್ಳೆಗೆ ಕೊರತೆಯಿಲ್ಲ.

ಈ ಹೊಳೆಗಳೆಲ್ಲ ಸೇರುವುದು ಚಾಲಿಯಾರ್ ನದಿಯನ್ನು. 2024ರ ಜುಲೈ 30ರ ನಸುಕಿನಲ್ಲಿ ಇದೇ ಚಾಲಿಯಾರ್‌ನ ಇನ್ನೊಂದು ಕವಲಿನ ನೆತ್ತಿಯ ಮೇಲೆ, ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಜಾರಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಹಲವರ ದೇಹಗಳು ಹತ್ತಾರು ಕಿ.ಮೀ. ಕೆಳಗೆ ನದಿಯಲ್ಲಿ ಸಿಕ್ಕವು. 2018ರ ಆಗಸ್ಟ್‌ನಲ್ಲಿ ಕೊಡಗು ಕಂಡದ್ದೂ ಇಂಥದೇ ಮಳೆಯನ್ನು. ಆ ನೀರು ಯಾವ ದರ್ಜೆಗೂ ಸೇರಿದ್ದಲ್ಲ. ಅಂಥ ದಿನಗಳಲ್ಲಿ ಜಿಲ್ಲಾಡಳಿತ ಹೊಳೆಗಿಳಿಯಬೇಡಿ ಎಂದು ನಿಷೇಧ ಹೊರಡಿಸಿದರೆ ಸಾಹಸಿಗಳಲ್ಲಿ ಕೆಲವರು ಗೊಣಗುವುದುಂಟು. ಆದರೆ ಅವರು ಸಿಕ್ಕಿಬಿದ್ದರೆ ಹಗ್ಗ ಹಿಡಿದು ಬರಬೇಕಾದವರು ಅದಾಗಲೇ ನೆರೆಯಲ್ಲಿ ಬೇರೆಯವರನ್ನು ಸಾಗಿಸುತ್ತಿರುವ ಅಗ್ನಿಶಾಮಕ ದಳದವರು, ಊರಿನ ಈಜುಗಾರರು. ಮೂವರ ಲೆಕ್ಕದೊಳಗೆ ಅವರನ್ನೂ ಸೇರಿಸಿಕೊಳ್ಳುವಂತಿಲ್ಲ.

ಅನುಭವಿ ಗುಂಪುಗಳು ಹೊಸ ಹೊಳೆಗೆ ಮೊದಲು ಹೋಗುವುದು ಮಳೆಯಲ್ಲಲ್ಲ, ಬೇಸಿಗೆಯಲ್ಲಿ, ದೋಣಿಯಿಲ್ಲದೆ. ಒಣಗಿದ ಪಾತ್ರದಲ್ಲಿ ಬಂಡೆಯಿಂದ ಬಂಡೆಗೆ ಕಾಲಿಡುತ್ತ, ಎಲ್ಲಿ ಕಲ್ಲಿನಡಿ ಪೊಟರೆಯಿದೆ, ಎಲ್ಲಿ ಮರ ಬಿದ್ದಿದೆ, ಎಲ್ಲಿ ಮೇಲೆ ಹತ್ತಲು ಜಾಗವಿದೆ ಎಂದು ನೋಡಿಟ್ಟುಕೊಳ್ಳುತ್ತಾರೆ. ದನ ಮೇಯಿಸುವವರನ್ನು, ತೋಟದವರನ್ನು ಕೇಳಿದರೆ ಹೋದ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೈಯೆತ್ತಿ ತೋರಿಸುತ್ತಾರೆ. ಆ ಗುರುತು ಎಷ್ಟೋ ಕಡೆ ನಿಂತವರ ತಲೆಗಿಂತ ಮೇಲಿರುತ್ತದೆ.