ಬಾಯಿ ಒಂದು, ಮಾತು ಒಂದು

ಟಿ.ವಿ.ಯಲ್ಲಿ ವಾರ್ತೆ ಓದುವವರ ತುಟಿ ಒಂದು ಹೊತ್ತಿಗೆ ಅಲ್ಲಾಡಿ, ಮಾತು ಇನ್ನೊಂದು ಹೊತ್ತಿಗೆ ಕೇಳುವುದನ್ನು ನೀವು ನೋಡಿರಬಹುದು. ಮನೆಗೆ ಹೋಮ್ ಥಿಯೇಟರ್ ತಂದ ಮೇಲಂತೂ ಇದು ಜಾಸ್ತಿ. ಎಲ್ಲರೂ "ಸೆಟ್ಟೇ ಕೆಟ್ಟುಹೋಗಿದೆ" ಅಂತಾರೆ. ಆದರೆ ಬಹಳ ಸಲ ಯಾವುದೂ ಕೆಟ್ಟಿರುವುದಿಲ್ಲ. ಹಾಗಾದರೆ ಇದು ಯಾಕೆ ಆಗುತ್ತದೆ?

ಮೊದಲು ಕೆರೆಯ ಹತ್ತಿರ ಹೋಗೋಣ. ಈ ದಡದಲ್ಲಿ ನಿಂತು ಆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿ. ಬಟ್ಟೆ ಕಲ್ಲಿಗೆ ಬಡಿದು ಮತ್ತೆ ಮೇಲಕ್ಕೆ ಹೋದಾಗ 'ಧಪ್' ಅಂತ ಸದ್ದು ಬರುತ್ತದೆ. ಬೆಳಕು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಶಬ್ದ ಓಡುವುದು ಸುಮಾರು 340 ಮೀಟರ್ ಮಾತ್ರ. ಆ ದಡ 170 ಮೀಟರ್ ದೂರ ಇದ್ದರೆ ಸದ್ದು ಅರ್ಧ ಸೆಕೆಂಡ್ ತಡ. ಹುಟ್ಟಿದಾಗಿನಿಂದ ಹೀಗೇ ನೋಡುತ್ತಾ ಬಂದಿರುವುದರಿಂದ ಸದ್ದು ಸ್ವಲ್ಪ ತಡವಾದರೆ ನಮ್ಮ ಮಿದುಳು ಸುಮ್ಮನಿರುತ್ತದೆ. ಆದರೆ ಮೊದಲು 'ಧಪ್' ಅಂದು ಆಮೇಲೆ ಬಟ್ಟೆ ಬಡಿಯುವುದನ್ನು ಲೋಕದಲ್ಲಿ ಯಾರೂ ಕಂಡಿಲ್ಲ. ಅದಕ್ಕೇ ಸದ್ದು ಮುಂಚೆ ಬಂದರೆ ನಮಗೆ ಬೇಗ ಗೊತ್ತಾಗಿಬಿಡುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ ಇದರ ಲೆಕ್ಕ ಕೊಟ್ಟಿದೆ. ಸದ್ದು 45 ಮಿಲಿಸೆಕೆಂಡ್ ಮುಂದಾದರೆ ಜನರಿಗೆ ಗೊತ್ತಾಗುತ್ತದೆ, ಹಿಂದಾದರೆ 125 ಮಿಲಿಸೆಕೆಂಡಿನವರೆಗೂ ಗೊತ್ತಾಗುವುದಿಲ್ಲ. (ಒಂದು ಸೆಕೆಂಡನ್ನು ಸಾವಿರ ಚೂರು ಮಾಡಿದರೆ ಒಂದು ಚೂರು ಮಿಲಿಸೆಕೆಂಡ್.)

ಈ ತೊಂದರೆ ಹೊಸದೇನೂ ಅಲ್ಲ. ಹಿಂದೆ ಟೆಂಟ್ ಸಿನಿಮಾದಲ್ಲಿ ರೀಲು ಓಡಿಸುತ್ತಿದ್ದಾಗಲೂ ಇತ್ತು. ಪ್ರೊಜೆಕ್ಟರಿನಲ್ಲಿ ಬೆಳಕು ಬೀಳುವ ಕಡೆ ಪ್ರತಿ ಚಿತ್ರವೂ ಒಂದು ಕ್ಷಣ ನಿಂತು ಹೋಗಬೇಕು. ಸೆಕೆಂಡಿಗೆ 24 ಚಿತ್ರ, ಅಂದರೆ 24 ಸಲ ನಿಂತು ನಿಂತು ಓಡಬೇಕು. ಆದರೆ ಸದ್ದಿನ ಗೆರೆ ಅದೇ ರೀಲಿನ ಅಂಚಿನಲ್ಲಿರುತ್ತದೆ. ಅದು ನಿಲ್ಲದೆ ಒಂದೇ ಸಮ ಓಡಬೇಕು, ಇಲ್ಲದಿದ್ದರೆ ಮಾತು ಗದಗದ ನಡುಗುತ್ತದೆ. ಒಂದೇ ಜಾಗದಲ್ಲಿ ನಿಲ್ಲುವುದೂ ಓಡುವುದೂ ಎರಡೂ ಹೇಗೆ ಆಗುತ್ತದೆ? ಅದಕ್ಕೆ ಸದ್ದು ಓದುವ ಭಾಗವನ್ನು ಬೇರೆ ಕಡೆ ಇಟ್ಟು, 35 ಮಿ.ಮೀ. ರೀಲಿನಲ್ಲಿ ಸದ್ದನ್ನು ಸುಮಾರು 20 ಚಿತ್ರಗಳಷ್ಟು ಮುಂದೆಯೇ ಅಚ್ಚು ಹಾಕುತ್ತಿದ್ದರು. ಆಪರೇಟರು ರೀಲು ಏರಿಸುವಾಗ ನಡುವೆ ಬಿಡುವ ಸುರುಳಿ ಹೆಚ್ಚುಕಡಿಮೆ ಆದರೆ ಮಾತು, ಬಾಯಿ ಬೇರೆಬೇರೆ. ಆಗ ಟೆಂಟಿನಲ್ಲಿ ಶಿಳ್ಳೆ ಹೊಡೆಯುತ್ತಿದ್ದರಂತೆ!

ಈಗ ರೀಲು ಇಲ್ಲ, ಆದರೂ ಚಿತ್ರ ಒಂದು ದಾರಿ, ಸದ್ದು ಒಂದು ದಾರಿ ಹಿಡಿಯುವುದು ತಪ್ಪಿಲ್ಲ. ಈಗಿನ ಟಿ.ವಿ. ಚಿತ್ರ ಬಂದ ಕೂಡಲೇ ತೋರಿಸುವುದಿಲ್ಲ. ಅದನ್ನು ತನ್ನ ಪರದೆಗೆ ತಕ್ಕಂತೆ ದೊಡ್ಡದು ಮಾಡುತ್ತದೆ, ಬಣ್ಣ ತಿದ್ದುತ್ತದೆ, ಓಟ ನುಣುಪಾಗಿ ಕಾಣಲಿ ಅಂತ ನಡುನಡುವೆ ತಾನೇ ಹೊಸ ಚಿತ್ರ ಸೇರಿಸುತ್ತದೆ. ಇದಕ್ಕೆಲ್ಲ ಹೊತ್ತು ಬೇಕಲ್ಲ. ಟಿ.ವಿ.ಯ ಒಳಗಿನ ಸ್ಪೀಕರಿಗಾದರೆ ಅಷ್ಟು ಹೊತ್ತು ಸದ್ದನ್ನೂ ಟಿ.ವಿ.ಯೇ ತಡೆದಿಟ್ಟುಕೊಳ್ಳುತ್ತದೆ. ಆದರೆ ಸೆಟ್‌ಟಾಪ್ ಬಾಕ್ಸಿನಿಂದ ಕೆಂಪು ಬಿಳಿ ವೈರು ನೇರವಾಗಿ ಹೋಮ್ ಥಿಯೇಟರಿಗೆ ಹಾಕಿದ್ದರೆ ಸದ್ದು ಯಾರಿಗೂ ಕಾಯದೆ ಬಂದುಬಿಡುತ್ತದೆ.

ನಮ್ಮ ಮನೆಯಲ್ಲಿ ಆದದ್ದು ಇದೇ. ಅಜ್ಜಿಗೆ ಕಿವಿ ಮಂದ. ಅವರಿಗೆ ಚೆನ್ನಾಗಿ ಕೇಳಲಿ ಅಂತಲೇ ಚಿಕ್ಕಪ್ಪ ಸ್ಪೀಕರ್ ತಂದರು. ಆದರೆ ಅಜ್ಜಿ ಅರ್ಧ ಮಾತನ್ನು ಕಿವಿಯಿಂದ, ಇನ್ನರ್ಧವನ್ನು ತುಟಿ ನೋಡಿ ತಿಳಿದುಕೊಳ್ಳುವವರು. "ಬಾಯಿ ಒಂದು, ಮಾತು ಒಂದು, ಏನೂ ತಿಳಿಯಲ್ಲ ಕಣೋ" ಅಂತ ಎದ್ದು ಹೋಗಿ ಜಗುಲಿಯಲ್ಲಿ ಕೂತರು. ನಾವು ಯಾರೂ ಅಷ್ಟು ಗಮನಿಸಿರಲಿಲ್ಲ, ಯಾಕಂದ್ರೆ ನಮಗೆ ಕಿವಿಯೇ ಸಾಕು. ಇದನ್ನು ನಮ್ಮ ವಿಜ್ಞಾನ ಮೇಷ್ಟ್ರ ಹತ್ತಿರ ಹೇಳಿದಾಗ ಅವರು, ಕಿವಿ ಚೆನ್ನಾಗಿದ್ದವರೂ ತುಟಿ ನೋಡಿಯೇ ಕೇಳುತ್ತಾರೆ ಎಂದರು. 1976ರಲ್ಲಿ ಮೆಗರ್ಕ್ ಮತ್ತು ಮೆಕ್‌ಡೊನಾಲ್ಡ್ ಎಂಬ ವಿಜ್ಞಾನಿಗಳು, 'ಗ' ಅನ್ನುವ ಬಾಯಿಯ ಚಿತ್ರಕ್ಕೆ 'ಬ' ಅನ್ನುವ ಸದ್ದು ಜೋಡಿಸಿ ತೋರಿಸಿದರು. ಬಹಳ ಜನಕ್ಕೆ ಕೇಳಿಸಿದ್ದು 'ದ'!

ಸರಿ ಮಾಡುವುದು ಸುಲಭ. ಸದ್ದು ಮುಂಚೆ ಬರುತ್ತಿದ್ದರೆ ಸದ್ದನ್ನು ತಡೆಯಬೇಕು. ಹೋಮ್ ಥಿಯೇಟರಿನ ಅಥವಾ ಟಿ.ವಿ.ಯ ಸೆಟ್ಟಿಂಗಿನಲ್ಲಿ 'ಆಡಿಯೋ ಡಿಲೇ' ಅಥವಾ 'ಲಿಪ್ ಸಿಂಕ್' ಅಂತ ಇರುತ್ತದೆ. ಅದನ್ನು ಹತ್ತು ಹತ್ತು ಮಿಲಿಸೆಕೆಂಡ್ ಏರಿಸುತ್ತಾ ಹೋಗಬೇಕು. ಅದಿಲ್ಲದಿದ್ದರೆ ವೈರನ್ನು ಬಾಕ್ಸಿನಿಂದ ಕಿತ್ತು ಟಿ.ವಿ.ಯ ಹಿಂದಿನ 'ಆಡಿಯೋ ಔಟ್'ಗೆ ಹಾಕಿ ನೋಡಿ, ಆಗ ಎಷ್ಟೋ ಟಿ.ವಿ.ಗಳು ತಾವೇ ಸದ್ದನ್ನು ತಡೆದು ಕಳಿಸುತ್ತವೆ. ಟಿ.ವಿ.ಯನ್ನು 'ಗೇಮ್ ಮೋಡ್'ಗೆ ಹಾಕಿದರೆ ಚಿತ್ರ ತಿದ್ದುವ ಕೆಲಸ ಕಡಿಮೆಯಾಗಿ ಚಿತ್ರವೇ ಬೇಗ ಬರುತ್ತದೆ.

ಸರಿಯಾಯಿತೋ ಇಲ್ಲವೋ ನೋಡುವುದು ಹೇಗೆ? ಹಾಡು ಹಾಕಿ ನೋಡಬೇಡಿ, ಅಲ್ಲಿ ಹಾಡುವವರೇ ಬೇರೆ. ಬೇರೆ ಭಾಷೆಯಿಂದ ಡಬ್ ಮಾಡಿದ ಸಿನಿಮಾ ಅಂತೂ ಬೇಡವೇ ಬೇಡ, ಅದರಲ್ಲಿ ಬಾಯಿ ಯಾವತ್ತೂ ಕೂಡುವುದಿಲ್ಲ. ವಾರ್ತೆಯೇ ಒಳ್ಳೆಯದು. ವ್ಯಾಕರಣದ ಪಾಠದಲ್ಲಿ ಪ, ಫ, ಬ, ಭ, ಮ ಇವು ಓಷ್ಠ್ಯಾಕ್ಷರಗಳು ಅಂತ ಕಲಿತಿದ್ದೇವಲ್ಲ? ಇವನ್ನು ತುಟಿ ಮುಚ್ಚದೆ ಹೇಳಲು ಬರುವುದೇ ಇಲ್ಲ. "ಮಂಡ್ಯ", "ಬೆಂಗಳೂರು" ಅಂದಾಗ ತುಟಿ ಮುಚ್ಚಿ ಬಿಡುವುದೂ ಸದ್ದೂ ಒಟ್ಟಿಗೆ ಆಗಬೇಕು. ನಮ್ಮ ಮನೆಯಲ್ಲಿ ಪರೀಕ್ಷೆಗೆ ಅಜ್ಜಿಯನ್ನೇ ಕೂರಿಸಿದೆವು. ಚಿಕ್ಕಪ್ಪ ರಿಮೋಟ್ ಒತ್ತುತ್ತಾ ಹೋದರು. 110ಕ್ಕೆ ಬಂದಾಗ ಅಜ್ಜಿ "ಹ್ಞಾಂ, ಈಗ ಅವಳು ಮಾತಾಡ್ತಾವ್ಳೆ" ಅಂದರು. ಅಲ್ಲಿಗೇ ನಿಲ್ಲಿಸಿದೆವು.

ಸದ್ದು ಹಿಂದೆ ಬಿದ್ದರೆ ಕಷ್ಟ ಜಾಸ್ತಿ. ಬ್ಲೂಟೂತ್ ಸ್ಪೀಕರಿನಲ್ಲಿ ಹೀಗಾಗುತ್ತದೆ. ಸದ್ದನ್ನು ಕುಗ್ಗಿಸಿ, ಕಂತು ಕಟ್ಟಿ, ಗಾಳಿಯಲ್ಲಿ ಕಳಿಸಿ, ಆ ಕಡೆ ಬಿಚ್ಚುವಷ್ಟರಲ್ಲಿ 100, 200 ಮಿಲಿಸೆಕೆಂಡ್ ಹೋಗಿರುತ್ತದೆ. ಇಲ್ಲಿ ಡಿಲೇ ಏರಿಸಿದರೆ ಇನ್ನೂ ಕೆಡುತ್ತದೆ. ತಡವಾದ ಸದ್ದನ್ನು ಯಾರೂ ಹಿಂದಕ್ಕೆ ಎಳೆದು ತರಲಾರರು, ಚಿತ್ರವನ್ನು ಕಾಯಿಸಬೇಕು ಅಷ್ಟೆ, ಎಲ್ಲ ಟಿ.ವಿ.ಯಲ್ಲಿ ಅದು ಆಗುವುದಿಲ್ಲ. ವೈರು ಹಾಕುವುದೇ ಮೇಲು. ಕಂಪ್ಯೂಟರಿನಲ್ಲಿ ಸಿನಿಮಾ ಇದ್ದರೆ ಮಾತ್ರ ಎರಡೂ ಕಡೆ ಸರಿಸಬಹುದು, ಯಾಕಂದ್ರೆ ಮುಂದಿನದೆಲ್ಲ ಅದರ ಹತ್ತಿರ ಮೊದಲೇ ಇರುತ್ತದೆ. ವಿಎಲ್‌ಸಿಯಲ್ಲಿ ಕೆ ಒತ್ತಿದರೆ ಸದ್ದು ಹಿಂದಕ್ಕೆ, ಜೆ ಒತ್ತಿದರೆ ಮುಂದಕ್ಕೆ.

ಒಂದೇ ಚಾನಲ್ಲಿನಲ್ಲಿ ಹೀಗಾದರೆ ಅದು ಅವರ ಕಡೆಯದು, ನಿಮ್ಮ ಸೆಟ್ಟಿಂಗ್ ಮುಟ್ಟಬೇಡಿ.

ಇನ್ನೊಂದು ಜಾತಿಯ ತೊಂದರೆ ಇದೆ. ಶುರುವಿನಲ್ಲಿ ಸರಿಯಾಗಿದ್ದು, ಬರಬರುತ್ತಾ ಅಂತರ ಬೆಳೆಯುತ್ತದೆ. ಸೆಕೆಂಡಿಗೆ 24 ಚಿತ್ರ ಇರಬೇಕಾದದ್ದು 25ರ ವೇಗದಲ್ಲಿ ಓಡಿದರೆ, ಒಂದು ನಿಮಿಷದ 1440 ಚಿತ್ರ 57.6 ಸೆಕೆಂಡಿಗೇ ಮುಗಿಯುತ್ತದೆ. ಸದ್ದು ಮಾತ್ರ ಪೂರಾ 60 ಸೆಕೆಂಡ್ ತೆಗೆದುಕೊಳ್ಳುತ್ತದೆ. ನಿಮಿಷಕ್ಕೆ 2.4 ಸೆಕೆಂಡ್ ಅಂತರವಾದರೆ ಹತ್ತು ನಿಮಿಷಕ್ಕೆ 24 ಸೆಕೆಂಡ್! ನಾಯಕ ಅತ್ತು ಮುಗಿಸಿ ಊಟಕ್ಕೆ ಕೂತಿರುತ್ತಾನೆ, ಅಳು ಆಮೇಲೆ ಕೇಳುತ್ತದೆ. ಇದಕ್ಕೆ ಯಾವ ಡಿಲೇಯೂ ನಾಟುವುದಿಲ್ಲ, ಆ ಸಿನಿಮಾದ ಬೇರೆ ಪ್ರತಿ ಹುಡುಕಬೇಕು.